ಆಪರೇಟಿಂಗ್ ಸಿಸ್ಟಮ್ ಮನೆ ಬದಲಿಸಿದರೆ ಯಾಕೆ ಏಳೋದಿಲ್ಲ? 512 ಬೈಟ್‌ಗಳ ಕಥೆ

ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್... ನೀವು ಯಾವ ಊರಲ್ಲಿದ್ದರೂ ಇಂಥದ್ದೊಂದು ಜಾಗ ನಿಮಗೆ ಗೊತ್ತಿರುತ್ತೆ. ಅಲ್ಲಿಂದ ಒಂದು ಎಸ್‌ಎಸ್‌ಡಿ ತರ್ತೀರಿ ಅಂದುಕೊಳ್ಳಿ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಅದರಲ್ಲಿ ಒಂದನ್ನು ಹೊಸ ಡ್ರೈವ್‌ಗೆ ಸಾಗಿಸಬೇಕು. ಫೈಲುಗಳನ್ನು ಒಂದೂ ಬಿಡದೆ ಕಾಪಿ ಮಾಡ್ತೀರಿ. ಹಳೇದನ್ನು ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಬರೀ ಕಪ್ಪು ಪರದೆ. ಫೈಲುಗಳೆಲ್ಲ ಇವೆ, ಆದರೆ ಸಿಸ್ಟಮ್ ಏಳ್ತಾ ಇಲ್ಲ. ಮದುವೆ ಫೋಟೋಗಳನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಆಪರೇಟಿಂಗ್ ಸಿಸ್ಟಮ್ ಮಾತ್ರ ಯಾಕೆ ಹಟ ಮಾಡುತ್ತೆ?

ಉತ್ತರ ಹುಡುಕೋಕೆ 1983ಕ್ಕೆ ಹೋಗಬೇಕು.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಯಾವ ಫ್ಲಾಪಿ ಹಾಕ್ತೀರೋ ಅದೇ ಆಪರೇಟಿಂಗ್ ಸಿಸ್ಟಮ್. ಪಿಸಿ ಡಾಸ್, ಸಿಪಿಎಂ-86, ಯುಸಿಎಸ್‌ಡಿ ಪಿ-ಸಿಸ್ಟಮ್ ಅಂತ ಮೂರು ಆಯ್ಕೆಗಳನ್ನು ಐಬಿಎಂ ಕೊಟ್ಟಿತ್ತು. ಫ್ಲಾಪಿ ಬದಲಿಸಿದರೆ ಸಿಸ್ಟಮ್ ಬದಲಾಯ್ತು, ಜಗಳವೇ ಇಲ್ಲ. 1983ರಲ್ಲಿ ಪಿಸಿ ಎಕ್ಸ್‌ಟಿ ಬಂತು, ಅದರ ಜೊತೆ 10 ಎಂಬಿ ಹಾರ್ಡ್ ಡಿಸ್ಕ್ ಬಂತು. ಡಿಸ್ಕ್ ಒಂದೇ, ವಾಸ ಮಾಡೋಕೆ ಬರೋರು ಹಲವರು. ಹಾಗಾಗಿ ಪಿಸಿ ಡಾಸ್ 2.0 ಜೊತೆ ಎಫ್‌ಡಿಸ್ಕ್ ಅನ್ನೋ ಪ್ರೋಗ್ರಾಂ ಬಂತು, ಡಿಸ್ಕನ್ನು ನಾಲ್ಕು ಭಾಗಗಳವರೆಗೆ ಪಾಲು ಮಾಡುವ ವ್ಯವಸ್ಥೆ ಬಂತು. ಇದನ್ನು ಗಮನಿಸಿ: ಡ್ಯುಯಲ್ ಬೂಟ್ ಅನ್ನೋದು ಆಮೇಲೆ ಲಿನಕ್ಸ್ ಹುಡುಗರು ತಂದ ಚೇಷ್ಟೆ ಅಲ್ಲ. ಪಿಸಿಗೆ ಹಾರ್ಡ್ ಡಿಸ್ಕ್ ಬಂದ ದಿನದಿಂದಲೇ ಅದಕ್ಕೆ ಜಾಗ ಇತ್ತು.

ಜಾಗ ಇತ್ತು ನಿಜ, ಬಾಗಿಲು ಮಾತ್ರ ಒಂದೇ.

ಆ ಬಾಗಿಲಿನ ಹೆಸರು ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, ಬರೀ 512 ಬೈಟ್. ಅದರಲ್ಲಿ 446 ಬೈಟ್ ಒಂದು ಪುಟಾಣಿ ಪ್ರೋಗ್ರಾಂಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ, ಕೊನೆಯ 2 ಬೈಟ್ ಸಹಿಗೆ. ಕಂಪ್ಯೂಟರ್ ಆನ್ ಮಾಡಿದಾಗ ಬಯಾಸ್‌ಗೆ ಗೊತ್ತಿರೋದು ಇಷ್ಟೇ: ಈ ಸೆಕ್ಟರನ್ನು ಮೆಮೊರಿಗೆ ತರಬೇಕು, ಅಲ್ಲಿಗೆ ನೆಗೆಯಬೇಕು. ಫೈಲ್ ಅಂದರೇನು, ಫೋಲ್ಡರ್ ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ. ಫೈಲುಗಳನ್ನು ಕಾಪಿ ಮಾಡಿದವರಿಗೆ ಈ 446 ಬೈಟ್ ಬಂದಿರೋದೇ ಇಲ್ಲ, ಯಾಕೆಂದರೆ ಅದು ಯಾವ ಫೈಲಿನ ಒಳಗೂ ಇಲ್ಲ. ಮೊದಲ ಕಪ್ಪು ಪರದೆಯ ಕಾರಣ ಇದು.

ಆ 446 ಬೈಟ್‌ನಲ್ಲಿ ಒಬ್ಬರು ಮಾತ್ರ ಕೂರಬಹುದು. ಕೊನೆಗೆ ಇನ್‌ಸ್ಟಾಲ್ ಆದವರದ್ದೇ ರಾಜ್ಯ. ಲಿನಕ್ಸ್ ಇದ್ದ ಯಂತ್ರಕ್ಕೆ ವಿಂಡೋಸ್ ಹಾಕಿದರೆ ಲಿನಕ್ಸ್ ಮಾಯವಾದಂತೆ ಕಾಣೋದು ಇದಕ್ಕೇ. ಅಳಿಸಿಹೋಗಿರಲ್ಲ, ದಾರಿ ತೋರಿಸುವವನು ಬದಲಾಗಿರ್ತಾನೆ ಅಷ್ಟೇ. ಇದನ್ನು ಮೈಕ್ರೋಸಾಫ್ಟ್‌ನ ಕುತಂತ್ರ ಅಂತ ಹೇಳೋರು ಬಹಳ ಜನ. ನನಗೆ ಅದಕ್ಕಿಂತ ಉಡಾಫೆ ಜಾಸ್ತಿ ಕಾಣುತ್ತೆ. ಇಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ಇನ್ನು ಲಿನಕ್ಸ್ ಕಡೆ ಬನ್ನಿ. 1990ರ ದಶಕದಲ್ಲಿ ಬಹುಪಾಲು ಜನ ಬಳಸಿದ್ದು ವೆರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ, ಅಂದರೆ ಲಿನಕ್ಸ್ ಲೋಡರ್. ಲಿಲೋಗೂ ಫೈಲ್ ಸಿಸ್ಟಮ್ ಓದೋಕೆ ಬರ್ತಿರಲಿಲ್ಲ. ಹಾಗಾದರೆ ಕರ್ನಲ್ ಹುಡುಕೋದು ಹೇಗೆ? ಇನ್‌ಸ್ಟಾಲ್ ಮಾಡುವಾಗಲೇ ಕರ್ನಲ್ ಡಿಸ್ಕಿನ ಯಾವ ಯಾವ ಸೆಕ್ಟರ್‌ಗಳಲ್ಲಿ ಕೂತಿದೆ ಅಂತ ಪಟ್ಟಿ ಮಾಡಿ ಇಟ್ಟುಕೊಳ್ತಿತ್ತು. ಜಾಣತನವೇ, ಆದರೆ ಬಹಳ ನಾಜೂಕಿನದು. ಕರ್ನಲ್ ಬದಲಿಸಿ ಲಿಲೋ ಕಮಾಂಡ್ ಮತ್ತೆ ಓಡಿಸೋದು ಮರೆತರೆ ಪಟ್ಟಿ ಸುಳ್ಳಾಯ್ತು. ಬೇರೆ ಡಿಸ್ಕ್‌ಗೆ ಸಾಗಿಸಿದರಂತೂ ಇಡೀ ಪಟ್ಟಿಯೇ ಹಳೇ ಮನೆಯ ವಿಳಾಸ. ಬೂಟ್ ಆಗುವಾಗ ಒಂದೊಂದು ಹಂತ ದಾಟಿದಂತೆ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಪರದೆ ಮೇಲೆ ತೋರಿಸ್ತಿತ್ತು. ಎಲ್, ಐ ಅಂತ ಎರಡೇ ಅಕ್ಷರ ಬಂದು ನಿಂತುಹೋದರೆ ಆವತ್ತಿನ ಕೆಲಸ ಮುಗೀತು. ಆ ಕಾಲದವರಿಗೆ ಈ ಎರಡು ಅಕ್ಷರ ನೋಡಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ!

1995ರಲ್ಲಿ ಎರಿಕ್ ಬೋಲಿನ್ ಅನ್ನೋರು ಗ್ರಬ್ ಶುರು ಮಾಡಿದರು. ಲಿನಕ್ಸ್‌ಗಾಗಿ ಅಲ್ಲ, ಗ್ನೂ ಹರ್ಡ್‌ಗಾಗಿ. ಗ್ರಬ್‌ಗೆ ಫೈಲ್ ಸಿಸ್ಟಮ್ ಅರ್ಥ ಆಗ್ತಿತ್ತು, ಸೆಕ್ಟರ್ ಪಟ್ಟಿ ಬೇಕಿರಲಿಲ್ಲ. ಆದರೂ ಸಾಗಣೆಯ ಕಷ್ಟ ಹೋಗಲಿಲ್ಲ, ಯಾಕೆಂದರೆ ಅದೂ ಡಿಸ್ಕ್‌ಗಳನ್ನು ಎಣಿಸಿಯೇ ಗುರುತಿಸ್ತಿತ್ತು: ಸೊನ್ನೆಯನೇ ಡಿಸ್ಕ್, ಒಂದನೇ ಪಾರ್ಟಿಷನ್. ವಿಂಡೋಸ್ ಎಕ್ಸ್‌ಪಿಯ ಬೂಟ್ ಡಾಟ್ ಐಎನ್‌ಐ ಫೈಲ್ ತೆರೆದು ನೋಡಿದವರಿಗೆ ನೆನಪಿರಬಹುದು, ಅಲ್ಲೂ ಇದೇ ಎಣಿಕೆ. ಬೀದಿಯಲ್ಲಿ ಎಡಗಡೆ ಮೂರನೇ ಮನೆ ಅಂತ ವಿಳಾಸ ಕೊಟ್ಟ ಹಾಗೆ. ನಡುವೆ ಒಂದು ಹೊಸ ಮನೆ ಎದ್ದರೆ ಪೋಸ್ಟ್‌ಮ್ಯಾನ್ ಬೇರೆಯವರ ಬಾಗಿಲು ತಟ್ಟುತ್ತಾನೆ.

ನಮ್ಮವರು ಇಷ್ಟೆಲ್ಲ ಕಷ್ಟಪಟ್ಟು ಎರಡು ಸಿಸ್ಟಮ್ ಇಟ್ಟುಕೊಂಡಿದ್ದು ಯಾಕೆ ಅಂತ ಕೇಳಬಹುದು. ಕನ್ನಡದವರಿಗೆ ಒಂದು ಗಟ್ಟಿ ಕಾರಣ ಇತ್ತು: ನುಡಿ ಮತ್ತು ಬರಹ. ಎರಡೂ ವಿಂಡೋಸ್ ತಂತ್ರಾಂಶಗಳು. ಯೂನಿಕೋಡ್‌ಗೆ ಮುಂಚಿನ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಿಟ್ಟ ಫೈಲುಗಳು ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹಾಗಾಗಿ ಕೆಲಸಕ್ಕೆ ಲಿನಕ್ಸ್ ಇಷ್ಟಪಟ್ಟವರೂ ಒಂದು ವಿಂಡೋಸ್ ಪಾರ್ಟಿಷನ್ ಉಳಿಸಿಕೊಂಡರು. ಸಂಘದ ಸ್ಮರಣ ಸಂಚಿಕೆ ಮಾಡಿದವರನ್ನು ಕೇಳಿ ನೋಡಿ, ಹೇಳ್ತಾರೆ.

ಎಣಿಕೆಯಿಂದ ಹೆಸರಿನ ಕಡೆ ತಿರುಗಿದ್ದು 2006-07ರ ಸುಮಾರಿಗೆ. ಲಿನಕ್ಸ್ ಕರ್ನಲ್‌ನ ಡ್ರೈವರ್‌ಗಳು ಬದಲಾಗಿ, ಎಚ್‌ಡಿಎ ಆಗಿದ್ದ ಡಿಸ್ಕ್ ಒಂದು ಬೆಳಗ್ಗೆ ಎಸ್‌ಡಿಎ ಆಯ್ತು. ಹಳೇ ಹೆಸರು ನಂಬಿದ್ದ ಸಿಸ್ಟಮ್‌ಗಳು ತಬ್ಬಿಬ್ಬಾದವು. ಆಗ ಯುಯುಐಡಿ ಬಳಕೆ ಹರಡಿತು. ಪ್ರತಿ ಫೈಲ್ ಸಿಸ್ಟಮ್‌ಗೂ ಅದರೊಳಗೇ ಬರೆದಿಟ್ಟ ಒಂದು ಉದ್ದನೆಯ ಸಂಖ್ಯೆ. ಯಾವ ಕೇಬಲ್‌ಗೆ ಜೋಡಿಸಿದರೂ ಆ ಗುರುತು ಅದರ ಜೊತೆಗೇ ಬರುತ್ತೆ.

ಒಳ್ಳೇದೇ ಆಯ್ತು, ಆದರೆ ಇದರಿಂದ ಇನ್ನೊಂದು ಮೋಸ ಹುಟ್ಟಿಕೊಳ್ತು. ಆ ಹೊತ್ತಿಗೆ ಕ್ಲೋನ್ ಮಾಡೋದು ಮಾಮೂಲಾಗಿತ್ತು. ನ್ಯೂಜಿಲೆಂಡ್‌ನಲ್ಲಿ ಮರ‍್ರೆ ಹಾಸ್ಜಾರ್ಡ್ ಬರೆದ ಘೋಸ್ಟ್ ಪ್ರೋಗ್ರಾಂ ಅನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡಿತ್ತು, ಆಮೇಲೆ ತೈವಾನ್‌ನಿಂದ ಉಚಿತವಾಗಿ ಕ್ಲೋನ್‌ಜಿಲ್ಲಾ ಬಂತು. ಕ್ಲೋನ್ ಅಂದರೆ ಎಲ್ಲವೂ ನಕಲಾಗುತ್ತೆ, ಯುಯುಐಡಿ ಕೂಡ. ಈಗ ಒಂದೇ ಹೆಸರಿನ ಇಬ್ಬರು ಒಂದೇ ಮನೆಯಲ್ಲಿ. ವಿಂಡೋಸ್ ಆದರೆ ಎರಡು ಡಿಸ್ಕ್‌ಗಳ ಸಹಿ ಒಂದೇ ಇದೆ ಅಂತ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತೆ. ಲಿನಕ್ಸ್‌ನಲ್ಲಿ ಇನ್ನೂ ಅಪಾಯ: ಮೆನು ಹೊಸ ಡಿಸ್ಕಿನಿಂದ ಬರಬಹುದು, ಆದರೆ ಒಳಗೆ ಓಡುತ್ತಿರೋದು ಹಳೇ ಡಿಸ್ಕಿನ ಸಿಸ್ಟಮ್ ಆಗಿರಬಹುದು. ಎರಡು ವಾರ ಕೆಲಸ ಮಾಡ್ತೀರಿ, ಹೊಸದರಲ್ಲೇ ಇದ್ದೀವಿ ಅಂತ ನಂಬಿ ಹಳೇದನ್ನು ಫಾರ್ಮ್ಯಾಟ್ ಮಾಡ್ತೀರಿ. ಆ ಎರಡು ವಾರದ ಕೆಲಸ ಹೋಯ್ತು. ಕಪ್ಪು ಪರದೆಯಾದರೂ ಪ್ರಾಮಾಣಿಕ, ಇದು ಹಾಗಲ್ಲ.

ಇಷ್ಟರಲ್ಲಿ ಇಂಟೆಲ್ ಬಯಾಸನ್ನೇ ಕೈಬಿಡುವ ದಾರಿ ಹಿಡಿದಿತ್ತು. 1990ರ ದಶಕದ ಮಧ್ಯದಲ್ಲಿ ಎಚ್‌ಪಿ ಜೊತೆ ಇಟೇನಿಯಂ ಯಂತ್ರಗಳನ್ನು ಮಾಡುವಾಗ ಹಳೇ ಬಯಾಸ್ ಸಾಲಲಿಲ್ಲ. ಅಲ್ಲಿಂದ ಹುಟ್ಟಿದ್ದು ಇಎಫ್‌ಐ. 2005ರಲ್ಲಿ ಹಲವು ಕಂಪನಿಗಳು ಸೇರಿ ಯುಇಎಫ್‌ಐ ಫೋರಂ ಆಯ್ತು. ಇಟೇನಿಯಂ ಮುಳುಗಿತು, ಅದರ ಕೂಸು ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ. ಯುಇಎಫ್‌ಐಗೆ ಫೈಲ್ ಓದೋಕೆ ಬರುತ್ತೆ. ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅಂತ ಒಂದು ಸಣ್ಣ ಭಾಗ, ಅದರಲ್ಲಿ ಮೈಕ್ರೋಸಾಫ್ಟ್‌ಗೊಂದು ಫೋಲ್ಡರ್, ಉಬುಂಟುಗೊಂದು ಫೋಲ್ಡರ್. 446 ಬೈಟ್‌ನ ಜಗಳ ತಾತ್ವಿಕವಾಗಿ ಮುಗಿದ ಹಾಗೆ.

ತಾತ್ವಿಕವಾಗಿ ಅಂದೆ. ಯಾಕೆಂದರೆ ಯಾವ ಫೋಲ್ಡರ್‌ನಿಂದ ಬೂಟ್ ಮಾಡಬೇಕು ಅನ್ನೋ ಪಟ್ಟಿ ಈಗ ಡಿಸ್ಕಿನಲ್ಲಿ ಇಲ್ಲ, ಮದರ್‌ಬೋರ್ಡ್‌ನ ಮೆಮೊರಿಯಲ್ಲಿದೆ. ಡಿಸ್ಕನ್ನು ಬೇರೆ ಯಂತ್ರಕ್ಕೆ ಒಯ್ದರೆ ಪಟ್ಟಿ ಹಿಂದೆಯೇ ಉಳಿಯುತ್ತೆ. ಇನ್ನೊಂದು ತೊಡಕು ಇದಕ್ಕಿಂತ ಸಾಮಾನ್ಯ. ಎರಡನೇ ಡ್ರೈವ್‌ಗೆ ಸಿಸ್ಟಮ್ ಹಾಕುವಾಗ ಇನ್‌ಸ್ಟಾಲರ್‌ಗಳು ಮೊದಲ ಡ್ರೈವ್‌ನಲ್ಲಿ ಆಗಲೇ ಇರುವ ಇಎಫ್‌ಐ ಪಾರ್ಟಿಷನ್‌ನಲ್ಲೇ ತಮ್ಮ ಬೂಟ್ ಫೈಲುಗಳನ್ನು ಇಟ್ಟುಬಿಡುವುದುಂಟು. ಲಿನಕ್ಸ್ ಇರೋದು ಎಸ್‌ಎಸ್‌ಡಿಯಲ್ಲಿ, ಅದರ ಕೀಲಿಕೈ ಹಳೇ ಹಾರ್ಡ್ ಡಿಸ್ಕಿನಲ್ಲಿ. ಹಳೇದನ್ನು ಕಳಚಿ ಗುಜರಿಗೆ ಕೊಟ್ಟ ದಿನ ಇದು ಗೊತ್ತಾಗುತ್ತೆ.

ಮೇಲಿಂದ ಸೆಕ್ಯೂರ್ ಬೂಟ್, ಬಿಟ್‌ಲಾಕರ್. 2024ರ ಆಗಸ್ಟ್‌ನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಹಳೇ ಲಿನಕ್ಸ್ ಬೂಟ್ ಫೈಲುಗಳ ಮೇಲಿನ ನಂಬಿಕೆ ತೆಗೆದುಹಾಕಿ, ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದ ಹಾಗೆ ಮಾಡಿತು. ಭದ್ರತೆಯ ಕಾರಣ ನಿಜವಾದದ್ದೇ, ಆದರೆ ಡ್ಯುಯಲ್ ಬೂಟ್ ಇರುವ ಕಡೆ ಇದನ್ನು ಹಾಕೋದಿಲ್ಲ ಅಂತ ಮೊದಲು ಹೇಳಿದ್ದವರೂ ಅವರೇ.

ಹಾಗಾದರೆ ಈಗ ಸಾಗಿಸೋದು ಹೇಗೆ? ಬಿಟ್‌ಲಾಕರ್ ಇದ್ದರೆ ಮೊದಲು ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬೇರೆ ಕಡೆ ಒಂದು ಬ್ಯಾಕಪ್ ಇರಲಿ. ಹೊಸ ಡ್ರೈವ್‌ನಲ್ಲಿ ಅದರದ್ದೇ ಇಎಫ್‌ಐ ಪಾರ್ಟಿಷನ್ ಮಾಡಿ. ಆಮೇಲೆ ಕಾಪಿ. ಲಿನಕ್ಸ್ ಆದರೆ ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಯುಯುಐಡಿಗಳನ್ನು ಬರೆದು, ಹೊಸ ಸಿಸ್ಟಮ್‌ನ ಒಳಗಿನಿಂದ ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಬೇಕು. ವಿಂಡೋಸ್ ಆದರೆ ಬಿಸಿಡಿಬೂಟ್ ಕಮಾಂಡ್ ಆ ಕೆಲಸ ಮಾಡುತ್ತೆ. 2021ರ ಗ್ರಬ್ 2.06ರಿಂದ ಈಚೆಗೆ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡಲ್ಲ, ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ, ಅದನ್ನು ನಾವೇ ಆನ್ ಮಾಡಬೇಕು.

ಮೊದಲ ಸಲ ಏಳಿಸುವಾಗ ಹಳೇ ಡಿಸ್ಕಿನ ಕೇಬಲ್ ಕಳಚಿ. ಹೊಸದು ಒಂಟಿಯಾಗಿ ಎದ್ದರೆ ಹಳೇದನ್ನು ಮತ್ತೆ ಜೋಡಿಸಿ, ಬಿಎಲ್‌ಕೆಐಡಿ ಅನ್ನೋ ಕಮಾಂಡ್ ಕೊಟ್ಟು ಎರಡರ ಯುಯುಐಡಿಗಳೂ ಬೇರೆ ಬೇರೆ ಇವೆಯಾ ನೋಡಿ. ಒಂದೇ ಇದ್ದರೆ ಹಳೇದರ ಯುಯುಐಡಿ ಬದಲಿಸಿ, ಆಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿ.