ಕೊಯ್ಯದೆ ಬಿಟ್ಟ ಮೂಲೆ

ಪ್ಯಾಲೆಸ್ತೀನಿನ ಗೆಜೆರ್ ಎಂಬ ಹಾಳೂರಿನ ದಿಬ್ಬದಲ್ಲಿ 1908ರಲ್ಲಿ ಐರಿಷ್ ಪುರಾತತ್ತ್ವಜ್ಞ ಮೆಕಾಲಿಸ್ಟರ್ ಅವರಿಗೆ ಅಂಗೈಯಗಲದ ಒಂದು ಸುಣ್ಣಕಲ್ಲಿನ ಫಲಕ ದೊರೆಯಿತು. ಕ್ರಿ.ಪೂ. ಹತ್ತನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಫಲಕದ ಮೇಲೆ ರಾಜನ ಹೆಸರಿಲ್ಲ, ಯುದ್ಧದ ವಾರ್ತೆಯಿಲ್ಲ, ದೇವರ ಸ್ತುತಿಯೂ ಇಲ್ಲ. ಇರುವುದು ಒಕ್ಕಲಿಗನ ವರ್ಷದ ಲೆಕ್ಕ ಮಾತ್ರ. ಫಲವನ್ನು ಕೂಡಿಡುವುದಕ್ಕೆ ಎರಡು ತಿಂಗಳು, ಬಿತ್ತನೆಗೆ ಎರಡು, ತಡವಾದ ಬಿತ್ತನೆಗೆ ಎರಡು. ಆಮೇಲೆ ಅಗಸೆಗೆ ಒಂದು, ಜವೆಗೋದಿಯ ಕೊಯ್ಲಿಗೆ ಒಂದು, ಉಳಿದ ಕೊಯ್ಲಿಗೂ ಅಳತೆಗೂ ಒಂದು. ಉಳಿದ ತಿಂಗಳುಗಳ ಲೆಕ್ಕವೂ ಹೀಗೆಯೇ ಸಾಗಿ ಹನ್ನೆರಡು ತಿಂಗಳು ಮುಗಿಯುತ್ತವೆ. ಅಕ್ಷರ ಕಲಿಯುವ ಹುಡುಗನೊಬ್ಬನ ಅಭ್ಯಾಸಲೇಖನವಿದ್ದೀತು ಎಂದು ಹಲವರ ಊಹೆ. ಈಗ ಅದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ.

ಬೈಬಲಿನ ಹಬ್ಬಗಳ ಮಾತನ್ನು ನಾನು ಈ ಕಲ್ಲಿನಿಂದ ಆರಂಭಿಸುವುದಕ್ಕೆ ಕಾರಣವುಂಟು. ಆ ಹಬ್ಬಗಳನ್ನು ನಾವು ಶಾಸ್ತ್ರಗ್ರಂಥದ ಪುಟಗಳಲ್ಲಿ ಓದುತ್ತೇವೆ. ಅವು ಹುಟ್ಟಿದ್ದು ಮಾತ್ರ ಮಳೆ-ಬಿಸಿಲುಗಳ ನಡುವೆ, ಕಣದ ಧೂಳಿನಲ್ಲಿ. ಆ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆ ತಲೆಯೆತ್ತುವ ಹೊತ್ತಿಗೆ ಜವೆಗೋದಿ ಮಾಗುತ್ತದೆ, ಅದಾದ ಕೆಲವು ವಾರಗಳಿಗೆ ಗೋದಿ, ಬೇಸಗೆ ಕಳೆದಾಗ ದ್ರಾಕ್ಷಿ ಮತ್ತು ಎಣ್ಣೆಮರದ ಕಾಯಿ. ಈ ಮೂರು ಫಲಗಳಿಗೆ ಮೂರು ಹಬ್ಬಗಳು. ಪಸ್ಕದೊಡನೆ ಕೂಡಿಕೊಂಡ ಹುಳಿಯಿಲ್ಲದ ರೊಟ್ಟಿಯ ಹಬ್ಬದಲ್ಲಿ ಜವೆಗೋದಿಯ ಮೊದಲ ಸಿವುಡನ್ನು ದೇವರ ಮುಂದೆ ಎತ್ತಿ ಆಡಿಸುವರು. ಅಲ್ಲಿಂದ ಏಳು ವಾರ ಎಣಿಸಿ ಐವತ್ತನೆಯ ದಿನ ಹೊಸ ಗೋದಿಯ ಎರಡು ರೊಟ್ಟಿಗಳನ್ನು ಅರ್ಪಿಸುವರು. ವರ್ಷದ ಕೊನೆಯ ಸುಗ್ಗಿಗೆ ಪರ್ಣಶಾಲೆಗಳ ಹಬ್ಬ, ಏಳು ದಿನ ಎಲೆಮನೆಯ ವಾಸ.

ಇಷ್ಟೇ ಆಗಿದ್ದರೆ ಇವು ಜಗತ್ತಿನ ಎಲ್ಲ ಒಕ್ಕಲುಜನರ ಹಬ್ಬಗಳಂತೆಯೇ ಇರುತ್ತಿದ್ದವು. ಆದರೆ ಯಾಜಕಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಒಂದು ವಿಚಿತ್ರವಿದೆ. ಅದು ಹಬ್ಬಗಳ ಪಂಚಾಂಗ: ಯಾವ ದಿನ, ಯಾವ ಬಲಿ, ಎಷ್ಟು ಹಿಟ್ಟು ಎಂಬ ಒಣ ವಿವರ. ಗೋದಿ ಹಬ್ಬದ ವಿಧಿ ಮುಗಿದು ಮುಂದಿನ ಹಬ್ಬ ಆರಂಭವಾಗುವುದಕ್ಕೆ ಮುಂಚೆ, ನಡುವೆ ಒಂದೇ ವಾಕ್ಯ, ಪಂಚಾಂಗಕ್ಕೆ ಸಂಬಂಧವೇ ಇಲ್ಲದಂತೆ ತೋರುವ ವಾಕ್ಯ, ಬಂದು ಕುಳಿತಿದೆ. ಕೊಯ್ಯುವಾಗ ಹೊಲದ ಮೂಲೆಯವರೆಗೆ ಕೊಯ್ಯಬಾರದು, ಬಿದ್ದ ತೆನೆಯನ್ನು ಆಯಬಾರದು, ಅವು ಬಡವರಿಗೂ ಪರದೇಶದವರಿಗೂ ಸೇರತಕ್ಕವು ಎಂಬುದು ಅದರ ತಾತ್ಪರ್ಯ. ಇದು ಲಿಪಿಕಾರನ ಕೈತಪ್ಪಿನಿಂದ ಬಂದುದಲ್ಲವೆಂದು ನನ್ನ ಭಾವನೆ. ದೇವರ ಪಾಲನ್ನು ಹೇಳಿದವನು ಅದೇ ಉಸಿರಿನಲ್ಲಿ ಬಡವನ ಪಾಲನ್ನೂ ಹೇಳಿದ್ದಾನೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶಾಸ್ತ್ರ ಒಡೆಯನಿಗೆ ಕೊಡು ಎನ್ನುವುದಿಲ್ಲ, ಕೊಯ್ಯಬೇಡ ಎನ್ನುತ್ತದೆ. ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನದು ಕೆಳಗೆ. ಕೊಯ್ಯದೆ ಬಿಟ್ಟ ಮೂಲೆಯಲ್ಲಿ ಮೇಲಿನ ಕೈಯೇ ಇಲ್ಲ.

ನಮ್ಮ ಬೈಬಲ್ ಅನುವಾದಕರು ಈ ಆಯ್ದುಕೊಳ್ಳುವಿಕೆಗೆ ಹಕ್ಕಲಾಯುವುದು ಎಂಬ ಒಳ್ಳೆಯ ಮಾತನ್ನು ಬಳಸಿದ್ದಾರೆ. ಹಕ್ಕಲು ನಮ್ಮ ಹೊಲಗಳ ಮಾತು. ಹಕ್ಕು ಅರಬ್ಬಿಯಿಂದ ಬಂದದ್ದು. ಎರಡಕ್ಕೂ ನಂಟಿಲ್ಲವೆಂದು ನಿಘಂಟುಕಾರರು ಹೇಳುತ್ತಾರೆ. ಆದರೂ ಯಾಜಕಕಾಂಡವನ್ನು ಕನ್ನಡದಲ್ಲಿ ಓದುವಾಗ ನನ್ನ ಕಿವಿಗೆ ಇವೆರಡೂ ಒಂದರ ಪಕ್ಕದಲ್ಲಿ ಒಂದು ಕೇಳಿಸುತ್ತವೆ.

ಧರ್ಮೋಪದೇಶಕಾಂಡ ಇದಕ್ಕೆ ಕಾರಣವನ್ನೂ ಕೊಡುತ್ತದೆ. ಪ್ರಥಮಫಲದ ಪುಟ್ಟಿಯನ್ನು ಯಾಜಕನ ಮುಂದಿಟ್ಟ ಒಕ್ಕಲಿಗ ತನ್ನ ವಂಶದ ಕಥೆಯನ್ನು ಬಾಯಿಬಿಟ್ಟು ಹೇಳಬೇಕು. ತನ್ನ ಮೂಲಪುರುಷ ನೆಲೆಯಿಲ್ಲದೆ ಅಲೆದ ಅರಾಮ್ಯನೆಂದು, ಐಗುಪ್ತದಲ್ಲಿ ಪರದೇಶಿಯಾಗಿ ಬಿಟ್ಟಿಯ ದುಡಿಮೆಗೆ ಸಿಕ್ಕಿ ನರಳಿದನೆಂದು, ಈ ಭೂಮಿ ತನಗೆ ಆಮೇಲೆ ದೊರೆತದ್ದೆಂದು ಒಪ್ಪಿಕೊಳ್ಳಬೇಕು. ಸುಗ್ಗಿಯ ದಿನ, ಕಣಜ ತುಂಬಿದ ದಿನ, ತಾನು ಒಂದು ಕಾಲಕ್ಕೆ ಏನೂ ಇಲ್ಲದವನೆಂದು ಹೇಳುವುದು ಸುಲಭವಲ್ಲ. ಹೇಳಿದಮೇಲೆ ಆ ಒಳ್ಳೆಯದನ್ನು ಭೂಮಿಯಿಲ್ಲದ ಲೇವಿಯನೊಡನೆ, ಪರದೇಶದವನೊಡನೆ ಕೂಡಿ ಅನುಭವಿಸಬೇಕು. ಹಬ್ಬಕ್ಕೆ ಯಾರು ಯಾರು ಇರಬೇಕೆಂಬ ಪಟ್ಟಿಯೂ ಅದೇ ಗ್ರಂಥದಲ್ಲಿದೆ. ಅದರಲ್ಲಿ ಮಕ್ಕಳ ಜೊತೆಗೆ ದಾಸದಾಸಿಯರಿದ್ದಾರೆ, ಅನಾಥರಿದ್ದಾರೆ, ವಿಧವೆಯರಿದ್ದಾರೆ. ವಿಧವೆಯನ್ನು ಮಂಗಳಕಾರ್ಯಗಳಿಂದ ದೂರವಿಟ್ಟ ಸಮಾಜಗಳನ್ನು ಕಂಡ ನಮಗೆ ಆ ಕೊನೆಯ ಹೆಸರು ಸಣ್ಣದಲ್ಲ.

ಶಾಸ್ತ್ರವಿದ್ದ ಮಾತ್ರಕ್ಕೆ ಹೊಲದಲ್ಲಿ ಹಾಗೆ ನಡೆಯುತ್ತಿತ್ತೇ? ಇದಕ್ಕೆ ಉತ್ತರ ರೂತಳ ಕಥೆಯಲ್ಲಿದೆ. ಮೋವಾಬಿನ ಹೆಣ್ಣು, ಗಂಡನನ್ನು ಕಳೆದುಕೊಂಡವಳು, ಅತ್ತೆ ನೊವೊಮಿಯ ಬೆನ್ನುಹತ್ತಿ ಬೇತ್ಲೆಹೇಮಿಗೆ ಬರುತ್ತಾಳೆ. ಬಂದದ್ದು ಜವೆಗೋದಿಯ ಕೊಯ್ಲು ಮೊದಲಾಗುವ ಕಾಲಕ್ಕೆ. ಪರದೇಶಿ, ಬಡವಿ, ವಿಧವೆ. ಶಾಸ್ತ್ರ ಹೆಸರಿಸಿದ ಮೂರೂ ಅರ್ಹತೆಗಳು ಒಬ್ಬಳಲ್ಲೇ ಕೂಡಿವೆ. ಆದರೂ ಅವಳು ದಯೆತೋರುವವನ ಹೊಲ ಸಿಕ್ಕರೆ ಆಯುತ್ತೇನೆಂದು ಹೊರಡುತ್ತಾಳೆ, ಮೇಸ್ತ್ರಿಯ ಅಪ್ಪಣೆ ಬೇಡುತ್ತಾಳೆ. ಹೊಲದ ಒಡೆಯ ಬೋವಜನು ತನ್ನ ಆಳುಗಳಿಗೆ ಅವಳ ಮೈಮುಟ್ಟಬಾರದೆಂದು ಎಚ್ಚರಿಕೆ ಕೊಡಬೇಕಾಗುತ್ತದೆ. ಆ ಎಚ್ಚರಿಕೆಯ ಮಾತಿನಲ್ಲಿ ಬೇರೆ ಹೊಲಗಳಲ್ಲಿ ಏನಾಗುತ್ತಿತ್ತೆಂಬುದು ಕಾಣುತ್ತದೆ. ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಜಾರಬಿಡಿ, ಅವಳನ್ನು ಗದರಬೇಡಿ ಎಂದೂ ಬೋವಜ ಹೇಳುತ್ತಾನೆ. ತಾನು ಕೊಟ್ಟದ್ದೆಂದು ಅವಳಿಗೆ ತಿಳಿಯಬಾರದು! ಸಂಜೆಗೆ ಬಡಿದು ಅಳೆದಾಗ ಸುಮಾರು ಒಂದು ಏಫಾ, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೆ ಮೇಲ್ಪಟ್ಟ ಕಾಳು. ಗೋದಿ ಸುಗ್ಗಿಯ ಹಬ್ಬದಲ್ಲಿ ಯೆಹೂದ್ಯರು ಇಂದಿಗೂ ಈ ಕಥೆಯನ್ನು ಓದುತ್ತಾರೆ. ದಾವೀದ ರಾಜನ ಮುತ್ತಜ್ಜಿ ಹಕ್ಕಲಾಯ್ದ ಹೆಣ್ಣೆಂಬುದನ್ನು ಅವರು ಮುಚ್ಚಿಡಲಿಲ್ಲ. ಮತ್ತಾಯನೂ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರನ್ನು ಉಳಿಸಿಕೊಂಡಿದ್ದಾನೆ.

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಗ್ರಂಥದಲ್ಲಿ ಈ ಮೂಲೆಯ ವಿಷಯಕ್ಕಾಗಿಯೇ ಒಂದು ಪ್ರಕರಣವಿದೆ. ಅದರ ಹೆಸರು ಪೇಅ, ಎಂದರೆ ಮೂಲೆ. ಅರವತ್ತರಲ್ಲಿ ಒಂದು ಪಾಲಿಗೆ ಕಡಿಮೆಯಾಗಬಾರದು, ಹೆಚ್ಚಿಗೆ ಮಿತಿಯಿಲ್ಲ. ಬಡವರು ಹೊಲಕ್ಕೆ ಬರುವುದು ದಿನಕ್ಕೆ ಮೂರು ಸಲ. ಕುಡುಗೋಲು ತರಬಾರದು, ನೂಕುನುಗ್ಗಲಿನಲ್ಲಿ ಒಬ್ಬರನ್ನೊಬ್ಬರು ಹೊಡೆದಾರು ಎಂಬ ಭಯ. ಹಸಿದವರ ಗುಂಪನ್ನು ಕಣ್ಣಾರೆ ಕಂಡವರಲ್ಲದೆ ಇಂಥ ನಿಯಮವನ್ನು ಬೇರೆ ಯಾರೂ ಬರೆಯಲಾರರು. ಒಬ್ಬನಿಗೆ ಆಯಲು ಬಿಟ್ಟು ಇನ್ನೊಬ್ಬನನ್ನು ತಡೆದರೆ, ಅಥವಾ ತನಗೆ ಬೇಕಾದವನಿಗೆ ಒಡೆಯ ನೆರವಾದರೆ, ಅವನು ಬಡವರನ್ನು ದೋಚಿದಂತೆ. ತೊಂಬತ್ತೊಂಬತ್ತು ಮಂದಿ ಬಡವರು ಒಡೆಯನೇ ಹಂಚಲಿ ಎಂದು, ಒಬ್ಬ ಮಾತ್ರ ನಾವೇ ಕೊಯ್ದುಕೊಳ್ಳುತ್ತೇವೆ ಎಂದರೆ, ಆ ಒಬ್ಬನ ಮಾತೇ ನಡೆಯತಕ್ಕದ್ದು. ಬಹುಮತಕ್ಕೆ ತಲೆಬಾಗುವ ಕಾಲದವರಾದ ನಮಗೆ ಈ ತೀರ್ಪು ಬೆರಗು ಹುಟ್ಟಿಸುತ್ತದೆ.

ಕ್ರೈಸ್ತಸಭೆ ತನ್ನ ಹುಟ್ಟನ್ನು ಎಣಿಸುವುದು ಇದೇ ಗೋದಿ ಹಬ್ಬದಿಂದ. ಐವತ್ತನೆಯ ದಿನವಾದ್ದರಿಂದ ಕನ್ನಡ ಬೈಬಲಿನಲ್ಲಿ ಅದು ಪಂಚಾಶತ್ತಮ. ಆ ದಿನ ಯೆರೂಸಲೇಮಿನಲ್ಲಿ ನೆರೆದವರ ಮೇಲೆ ಪವಿತ್ರಾತ್ಮ ಇಳಿದ ಪ್ರಸಂಗ ಎಲ್ಲರಿಗೂ ಪರಿಚಿತ. ಅದೇ ಅಧ್ಯಾಯದ ಕೊನೆಯಲ್ಲಿ ಅವರು ಆಸ್ತಿ ಮಾರಿ ಅಗತ್ಯವಿದ್ದವರಿಗೆ ಹಂಚಿದರೆಂಬ ಮಾತು ಅಷ್ಟು ಪರಿಚಿತವಲ್ಲ. ಆದರೆ ನಗರದಲ್ಲಿ ಹೊಲವಿಲ್ಲ, ಹೊಲದ ಮೂಲೆಯೂ ಇಲ್ಲ. ಬಡವರು ತಾವೇ ಕೊಯ್ದುಕೊಳ್ಳುವಂತಿಲ್ಲ, ಯಾರೋ ಹಂಚಬೇಕು. ಹಂಚುವ ಕೈ ಬಂದೊಡನೆ ಜಗಳವೂ ಬಂತು. ದಿನದ ಊಟದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತಾಡುವವರು ಇಬ್ರಿಯ ಮಾತಾಡುವವರ ಮೇಲೆ ಗೊಣಗಿದರು. ಹೊಸ ಸಭೆಯ ಈ ಒಳಜಗಳ ದೇವತಾಸ್ವರೂಪದ ವಿಚಾರವಾಗಿ ಹುಟ್ಟಿದ್ದಲ್ಲ. ಯಾರ ಭಾಷೆಯ ವಿಧವೆಗೆ ಎಷ್ಟು ಅನ್ನ ಎಂಬ ವಿಚಾರವಾಗಿ ಹುಟ್ಟಿದ್ದು. ಉಸ್ತುವಾರಿಗೆಂದು ಏಳು ಮಂದಿಯನ್ನು ಆರಿಸಿದರು. ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದ ಆ ವಿವೇಕವನ್ನು ನಾನು ಮೆಚ್ಚುತ್ತೇನೆ.

ಪೌಲನ ಪತ್ರಗಳಲ್ಲಿ ಸುಗ್ಗಿಯ ಮಾತು ಮತ್ತೆ ಮತ್ತೆ ಬರುತ್ತದೆ. ಕೊರಿಂಥದ ಸ್ತೆಫನನ ಮನೆಯವರನ್ನು ಅವನು ಅಖಾಯ ಸೀಮೆಯ ಪ್ರಥಮಫಲವೆಂದು ಕರೆದು, ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡವರೆಂದು ಅದೇ ವಾಕ್ಯದಲ್ಲಿ ಸೇರಿಸುತ್ತಾನೆ. ಪ್ರಥಮಫಲ ಈಗ ಪುಟ್ಟಿಯೊಳಗಿನ ಕಾಳಲ್ಲ, ಮನುಷ್ಯ. ಯೆರೂಸಲೇಮಿನ ಬಡವರಿಗಾಗಿ ಗ್ರೀಸ್ ಮತ್ತು ಮಕೆದೋನ್ಯದ ಸಭೆಗಳಲ್ಲಿ ಅವನು ಹಣ ಕೂಡಿಸಿದ. ಪಂಚಾಶತ್ತಮದ ಹೊತ್ತಿಗೆ ಅಲ್ಲಿ ಇರಬೇಕೆಂದು ಆತುರದಿಂದ ಹಡಗು ಹತ್ತಿದ. ಅಲ್ಲಿ ಅವನಿಗೆ ಕಾದಿದ್ದದ್ದು ಸೆರೆ.

ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೈಯದಲ್ಲಿ, ಎಂದರೆ ಇಂದಿನ ತುರ್ಕಿಯ ಕೈಸೇರಿಯಲ್ಲಿ, ಮಳೆ ತಪ್ಪಿ 368ರ ಸುಮಾರಿಗೆ ಕ್ಷಾಮ ಬಿತ್ತು. ಊರು ಸಮುದ್ರದಿಂದ ದೂರ. ಹೊರಗಿನ ಧಾನ್ಯ ಬರುವಂತಿಲ್ಲ. ಇದ್ದವರು ಬೆಲೆ ಏರಲೆಂದು ಕಣಜದ ಬಾಗಿಲು ಹಾಕಿದರು. ಬಸಿಲ್ ಆಗ ಇನ್ನೂ ಬಿಷಪನಾಗಿರಲಿಲ್ಲ. ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸುತ್ತೇನೆಂದ ಶ್ರೀಮಂತನ ಸಾಮತಿಯನ್ನು ಹಿಡಿದು ಅವನು ಮಾಡಿದ ಉಪದೇಶ ಉಳಿದುಬಂದಿದೆ. ಅದರ ಸಾರ ಇಷ್ಟು: ನೀನು ಕೂಡಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿರುವ ಬಟ್ಟೆ ಬೆತ್ತಲೆಯವನದು. ಅವನು ಬಳಸಿದ್ದು ದಾನದ ಭಾಷೆಯಲ್ಲ, ಒಡೆತನದ ಭಾಷೆ. ಯಾಜಕಕಾಂಡದ ಹಳೆಯ ದನಿ ಇಲ್ಲಿ ನಗರಕ್ಕೆ ಬಂದು ಸೇರಿತೆಂದು ನನಗೆ ತೋರುತ್ತದೆ. ಕಣಜಗಳು ತೆರೆದವು. ದೊಡ್ಡ ಹಂಡೆಗಳಲ್ಲಿ ಬೇಯಿಸಿದ್ದನ್ನು ಬಸಿಲ್ ತಾನೇ ನಿಂತು ಬಡಿಸಿದನೆಂದು ಅವನ ಗೆಳೆಯ ಗ್ರೆಗರಿ ಬರೆದಿದ್ದಾನೆ. ಮುಂದೆ ಊರ ಹೊರಗೆ ರೋಗಿಗಳಿಗೂ ಕುಷ್ಠಪೀಡಿತರಿಗೂ ದಾರಿಹೋಕರಿಗೂ ಅವನು ಕಟ್ಟಿಸಿದ ನೆಲೆಗೆ ಬಸಿಲಿಯಾಸ್ ಎಂದು ಹೆಸರಾಯಿತು.

ಈ ನಡುವೆ ಕ್ರೈಸ್ತರ ಪಂಚಾಶತ್ತಮದಿಂದ ಗೋದಿ ಮರೆಯಾಗಿತ್ತು. ಬೆಳೆಯ ಹಬ್ಬ ಸಭೆಯೊಳಗೆ ಮತ್ತೆ ಬಂದದ್ದು ಬೇರೆ ಬೇರೆ ನೆಲಗಳ ಬಾಗಿಲಿನಿಂದ. ನಮ್ಮ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು, ಮೇರಿಯಮ್ಮನ ಹುಟ್ಟಿದ ದಿನ, ಮೊಂತಿ ಹಬ್ಬ ಮಾಡುತ್ತಾರೆ. ಮಕ್ಕಳು ಬುಟ್ಟಿಗಳಲ್ಲಿ ಹೂ ತರುತ್ತಾರೆ. ಹೊಸ ಭತ್ತದ ತೆನೆಗಳನ್ನು ಗುರುಗಳು ಆಶೀರ್ವದಿಸಿ ಹಂಚುತ್ತಾರೆ. ಮನೆಯಲ್ಲಿ ಆ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೂ ಕಳಿಸುವುದುಂಟು. ಕನ್ನಡ ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿಯಿಂದ ಕೋಳಿಯವರೆಗೆ ಬಂದ ಕಾಣಿಕೆಗಳ ಹರಾಜು ನಡೆಯುತ್ತದೆ. ಒಂದು ಬಾಳೆಗೊನೆಗೆ ಪೇಟೆಯ ಬೆಲೆಯ ಹಲವು ಪಟ್ಟು ಕೂಗುವ ಉತ್ಸಾಹವನ್ನು ನೋಡಿಯೇ ತಿಳಿಯಬೇಕು.

ಈ ಸುಗ್ಗಿ ಹಬ್ಬದ ಇಂಗ್ಲಿಷ್ ರೂಪ ಬಹಳ ಹಳೆಯದೇನಲ್ಲ. ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ, ಕವಿ ಹಾಕರ್, 1843ರಲ್ಲಿ ಹೊಸ ಗೋದಿಯ ರೊಟ್ಟಿಯಿಂದ ಪ್ರಭುಭೋಜನ ನಡೆಸಿದಂದಿನಿಂದ ಅದು ಹರಡಿತು. ಅದಕ್ಕೆ ಐವತ್ತೈದು ವರ್ಷ ಹಿಂದೆ, 1788ರಲ್ಲಿ, ಅದೇ ದೇಶದ ನ್ಯಾಯಾಲಯವೊಂದು ಸಫೋಕ್ ಪ್ರಾಂತದ ಮೇರಿ ಹೌಟನ್ ಎಂಬ ಹೆಂಗಸಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಕೊಯ್ಲಾದ ಹೊಲದಲ್ಲಿ ಅವಳು ಹಕ್ಕಲಾಯ್ದದ್ದೇ ಅಪರಾಧ. ಮೋಶೆಯ ಧರ್ಮಶಾಸ್ತ್ರವೂ ಅಲ್ಲಿ ಚರ್ಚೆಗೆ ಬಂತು. ನ್ಯಾಯಾಧೀಶ ಗೂಲ್ಡ್ ಅವಳ ಪರ ನಿಂತರು; ಉಳಿದ ಮೂವರು ಹಕ್ಕಲಾಯುವುದು ಹಕ್ಕಲ್ಲವೆಂದರು. ದೇಗುಲದೊಳಗೆ ಸಿವುಡುಗಳನ್ನು ಸಿಂಗರಿಸಿ ಹಾಡುವ ಹಬ್ಬ ಬಂದದ್ದು ಬಡವಿಯ ಪಾಲು ಕಾನೂನಿನಿಂದ ಜಾರಿದ ಮೇಲೆ ಎಂಬುದನ್ನು ಇತಿಹಾಸ ಬರೆಯುವವರು ಒಂದೇ ಪುಟದಲ್ಲಿ ಇಡುವುದು ಅಪರೂಪ. ಆ ಹಬ್ಬದ ಕಾಣಿಕೆಗಳು ಆಸ್ಪತ್ರೆಗಳಿಗೂ ಬಡವರ ಮನೆಗಳಿಗೂ ಹೋದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಡುವ ಕೈ ಮೇಲೆ ಬಂದಿತ್ತು.

ತೀರ್ಪಿಗೆ ಹಳ್ಳಿಗಳು ಮಾತ್ರ ಪೂರ್ತಿ ಕಿವಿಗೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಗ್ಲೆಂಡಿನ ಅನೇಕ ಊರುಗಳಲ್ಲಿ ಹೆಂಗಸರು ಮಕ್ಕಳು ಹಕ್ಕಲಾಯುತ್ತಲೇ ಇದ್ದರು. ಕೆಲವೆಡೆ ಕೊಯ್ಲಾದ ಹೊಲದಲ್ಲಿ ಒಡೆಯ ಒಂದು ಸಿವುಡನ್ನು ನಿಲ್ಲಿಸಿಟ್ಟಿರುತ್ತಿದ್ದ. ಅದು ನಿಂತಿರುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅದನ್ನು ತೆಗೆದಮೇಲೆ ಬೆಳಗ್ಗೆ ದೇಗುಲದ ಗೋಪುರದಿಂದ ಗಂಟೆ ಬಾರಿಸುತ್ತಿದ್ದರು. ಬದುವಿನಲ್ಲಿ ಕಾದು ಕುಳಿತ ಹೆಂಗಸರು ಆಗ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಇಳಿಯುತ್ತಿದ್ದರು. ಸಂಜೆ ಇನ್ನೊಮ್ಮೆ ಗಂಟೆ ಕೇಳುವವರೆಗೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುತ್ತಿರಲಿಲ್ಲ.