ಡಿಗ್ರಿ ಆದವರಿಗೆ ವಿದೇಶದಲ್ಲಿ ಕೆಲಸ: ಫಾರ್ವರ್ಡ್ ನಂಬುವ ಮುನ್ನ ಏನು ನೋಡಬೇಕು?

"ಯಾವುದೇ ಡಿಗ್ರಿ ಸಾಕು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ. ಊಟ, ವಸತಿ ಉಚಿತ, ವೀಸಾ ಗ್ಯಾರಂಟಿ. ಸೀಟು ಕೆಲವೇ, ಇಂದೇ ಮುಂಗಡ ಕಟ್ಟಿ."

ಫಲಿತಾಂಶ ಬರುವ ಹೊತ್ತಿಗೆ ಈ ಧಾಟಿಯ ಮೆಸೇಜುಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡತೊಡಗುತ್ತವೆ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಂಥ ಊರುಗಳಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ದುಡ್ಡು ಸುಮ್ಮನೆ ಬರುವುದಿಲ್ಲ. ಒಡವೆ ಗಿರವಿ ಇಡಬೇಕು, ಇಲ್ಲವೇ ಸಾಲ ಮಾಡಬೇಕು. ಹಾಗಾಗಿ ಇಂಥ ಮೆಸೇಜುಗಳಲ್ಲಿ ಹೇಳುವ ನಾಲ್ಕು ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

1. "ವೀಸಾ ಗ್ಯಾರಂಟಿ"

ಸುಳ್ಳು. ವೀಸಾ ಕೊಡುವುದು ಆಯಾ ದೇಶದ ಸರ್ಕಾರ. ಅದನ್ನು ಖಾತ್ರಿಪಡಿಸುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಅಮೆರಿಕದ ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವುದು ಕೆಲಸ ಕೊಡುವ ಕಂಪನಿಯೇ ಹೊರತು ಅಭ್ಯರ್ಥಿಯಲ್ಲ. ಅದಕ್ಕೂ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ.

2. "ವಿಸಿಟ್ ವೀಸಾದಲ್ಲಿ ಹೋಗಿ, ಮಿಕ್ಕಿದ್ದು ಅಲ್ಲಿ ಮಾಡಿಸುತ್ತೇವೆ"

ಅಪಾಯಕಾರಿ. ಪ್ರವಾಸಿ ವೀಸಾ ಎಂದರೆ ಕೆಲಸದ ಪರವಾನಗಿ ಅಲ್ಲ. ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು ಎಲ್ಲವೂ ನಿಮ್ಮ ತಲೆಗೇ ಬರುತ್ತದೆ, ಏಜೆಂಟನಿಗಲ್ಲ.

2022ರ ಸೆಪ್ಟೆಂಬರಿನಲ್ಲೇ ವಿದೇಶಾಂಗ ಸಚಿವಾಲಯ ಈ ಬಗ್ಗೆ ಎಚ್ಚರಿಸಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಎಂದು ಐಟಿ ಗೊತ್ತಿರುವ ಯುವಕರನ್ನು ಕರೆಸಿಕೊಂಡು, ಅಕ್ರಮವಾಗಿ ಗಡಿ ದಾಟಿಸಿ, ಮ್ಯಾನ್ಮಾರಿನ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಲಾಗುತ್ತಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಎರಡು ತಂಡಗಳಾಗಿ 549 ಭಾರತೀಯರನ್ನು ವಾಪಸ್ ಕರೆತರಬೇಕಾಯಿತು.

ನಮ್ಮ ರಾಜ್ಯದವರೂ ಇಂಥ ಜಾಲಕ್ಕೆ ಬಿದ್ದಿದ್ದಾರೆ. ರಷ್ಯಾದಲ್ಲಿ ಸೆಕ್ಯುರಿಟಿ, ಹೆಲ್ಪರ್ ಕೆಲಸ ಎಂದು ನಂಬಿ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧಭೂಮಿಗೆ ತಲುಪಿದ್ದರು. ಅವರು ಮನೆಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ.

3. "ಡಿಗ್ರಿ ಇದ್ದವರಿಗೆ ಸರ್ಕಾರದ ಅನುಮತಿ ಬೇಡ, ಹಾಗಾಗಿ ಸೇಫ್"

ಅರ್ಧ ಸತ್ಯ. ಹೆಚ್ಚು ಜನ ಎಡವುವುದು ಇಲ್ಲೇ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳು ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. ಆಗ ಅವರ ಕೆಲಸದ ಕರಾರನ್ನು ಅಧಿಕಾರಿಗಳು ನೋಡುತ್ತಾರೆ. ಹತ್ತನೇ ತರಗತಿ ಮುಗಿಸಿದವರಿಗೆ ಸಾಮಾನ್ಯವಾಗಿ ಈ ಅನುಮತಿ ಬೇಡ. ಅಂದರೆ ಹೆಚ್ಚಿನ ಪದವೀಧರರ ಕರಾರನ್ನು ವಿಮಾನ ಹತ್ತುವ ಮುಂಚೆ ಯಾರೂ ಪರಿಶೀಲಿಸುವುದಿಲ್ಲ. ಆ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು.

4. "ಸರ್ವಿಸ್ ಚಾರ್ಜ್ ಮೂರು ಲಕ್ಷ, ಕ್ಯಾಶ್ ಮಾತ್ರ"

ಕಾನೂನುಬಾಹಿರ. 1983ರ ವಲಸೆ ಕಾಯ್ದೆಯಂತೆ ವಿದೇಶಕ್ಕೆ ನೇಮಕಾತಿ ಮಾಡುವ ಏಜೆಂಟರು ನೋಂದಣಿ ಮಾಡಿಸಿರಲೇಬೇಕು. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡುವುದು ಕಡ್ಡಾಯ.

ಹಾಗಾದರೆ ಏನು ಮಾಡಬೇಕು?

ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೈಯಲ್ಲಿ ಹಿಡಿದು ನೋಡದೆ ಯಾವ ರೀಲರೂ ರೇಟು ಹೇಳುವುದಿಲ್ಲ. ಮಕ್ಕಳ ಭವಿಷ್ಯಕ್ಕೆ ದುಡ್ಡು ಕಟ್ಟುವಾಗಲೂ ಅಷ್ಟು ಎಚ್ಚರ ಬೇಕು.

• ಸರ್ಕಾರದ ಇಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹುಡುಕಿ, ಅದರ ಅವಧಿ ಮುಗಿದಿಲ್ಲವೇ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.
• ಕಂಪನಿಯ ಹೆಸರು, ಕೆಲಸ, ಸಂಬಳ, ಕೆಲಸದ ಅವಧಿ ಎಲ್ಲವೂ ಆಫರ್ ಲೆಟರಿನಲ್ಲಿ ಇರಬೇಕು. ಮೆಸೇಜಿನಲ್ಲಿ ಬಂದ ನಂಬರಿಗಲ್ಲ, ಕಂಪನಿಯ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು ಖಚಿತಪಡಿಸಿಕೊಳ್ಳಿ.
• ವೀಸಾದ ಮೇಲೆ ಯಾವ ಬಗೆಯದು ಎಂದು ಬರೆದಿರುತ್ತದೆ. ಅದು ಕೆಲಸದ ವೀಸಾ ಹೌದೇ ಎಂದು ಓದಿ ನೋಡಿ.
• ಅನೇಕ ದೇಶಗಳಲ್ಲಿ ಪದವಿ ಪತ್ರಕ್ಕೆ ಅಪಾಸ್ಟಿಲ್ ಎಂಬ ದೃಢೀಕರಣ ಕೇಳುತ್ತಾರೆ. ಅದನ್ನು ಕೊಡುವುದು ವಿದೇಶಾಂಗ ಸಚಿವಾಲಯ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಬಳಿಯೂ ಅಡ ಇಡಬೇಡಿ.
• ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಅಲ್ಲಿ ವಿಚಾರಿಸಿ.

ಈಗಾಗಲೇ ದುಡ್ಡು ಕಟ್ಟಿಬಿಟ್ಟಿದ್ದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ಆನ್‌ಲೈನ್‌ನಲ್ಲಿ ಹಣ ಕಳಿಸಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವುದು ಕಷ್ಟ. ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ವಲಸೆ ಕುರಿತ ಸಲಹೆಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಹೊರದೇಶದಲ್ಲಿ ಸಿಕ್ಕಿಕೊಂಡವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಊರಲ್ಲಿರುವ ಮನೆಯವರು ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಕೊನೆಗೆ: ವಿದೇಶದಲ್ಲಿ ಕೆಲಸ ಮಾಡುವ ಆಸೆಯಲ್ಲಿ ತಪ್ಪೇನಿಲ್ಲ, ಸರಿದಾರಿಯಲ್ಲಿ ಹೋಗಿ ಚೆನ್ನಾಗಿರುವವರು ಬಹಳ ಜನ ಇದ್ದಾರೆ. ನಾವು ಕೇಳುವುದು ಇಷ್ಟೇ. ಕೆಲಸದ ಮೆಸೇಜು ಬಂದರೆ, ಇನ್ನೊಬ್ಬರಿಗೆ ಕಳಿಸುವ ಮುಂಚೆ ಅದರಲ್ಲಿ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಅಳಿಸಿಹಾಕಿ.