ಆಸ್ಪತ್ರೆಯಲ್ಲಿ ಮಧುಮೇಹ ನಿರ್ವಹಣೆ: ಇತಿಹಾಸ

ಮಧುಮೇಹಿಗಳು ಯಾವ ಕಾರಣಕ್ಕೇ ಆಸ್ಪತ್ರೆ ಸೇರಲಿ, ಅಲ್ಲಿರುವಷ್ಟು ದಿನ ಅವರ ರಕ್ತದ ಸಕ್ಕರೆ ಅತಿಯಾಗಿ ಏರದಂತೆ, ಅಪಾಯದ ಮಟ್ಟಕ್ಕೆ ಕುಸಿಯದಂತೆ ನೋಡಿಕೊಳ್ಳುವುದು ಒಳರೋಗಿ ಮಧುಮೇಹ ನಿರ್ವಹಣೆಯ ಕೆಲಸ. ಸೋಂಕು, ಶಸ್ತ್ರಚಿಕಿತ್ಸೆ, ಸ್ಟೀರಾಯ್ಡ್ ಔಷಧಗಳು ಸಕ್ಕರೆಯನ್ನು ಏರಿಸುತ್ತವೆ. ಇನ್ಸುಲಿನ್ ಪಡೆದವರು ಊಟ ಬಿಟ್ಟರೆ, ವಾಂತಿ ಮಾಡಿಕೊಂಡರೆ, ಅವರ ಮೂತ್ರಪಿಂಡ ಸೋತರೆ ಸಕ್ಕರೆ ಇಳಿಯುತ್ತದೆ. ಈ ಎರಡು ಅಪಾಯಗಳ ನಡುವೆ ಸುರಕ್ಷಿತ ಗುರಿ ಯಾವುದು ಎಂಬ ಪ್ರಶ್ನೆಯೇ ಈ ವಿಷಯದ ಇತಿಹಾಸದಲ್ಲಿ ಹೆಚ್ಚು ಚರ್ಚೆಗೆ ಒಳಗಾಗಿದೆ.

ಆರಂಭ

1922ರ ಜನವರಿಯಲ್ಲಿ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚಲಾಯಿತು. ಮುಂದಿನ ದಶಕಗಳಲ್ಲಿ ವಾರ್ಡುಗಳಿಗಿದ್ದ ಆಧಾರ ಮೂತ್ರಪರೀಕ್ಷೆ. ಬೆನೆಡಿಕ್ಟ್ ದ್ರಾವಣ ನೀಲಿಯಿಂದ ಹಸಿರು, ಹಳದಿ, ಇಟ್ಟಿಗೆಗೆಂಪಿಗೆ ತಿರುಗಿದಂತೆ ಇನ್ಸುಲಿನ್ ಪ್ರಮಾಣವನ್ನು ಹೆಚ್ಚಿಸುವ ‘ಸ್ಲೈಡಿಂಗ್ ಸ್ಕೇಲ್’ ಪದ್ಧತಿ ಹೀಗೆ ಬಳಕೆಗೆ ಬಂತು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿ.ಗ್ರಾಂ (ಮುಂದಿನ ಅಳತೆಗಳೂ ಇದೇ ಮಾನದಲ್ಲಿವೆ) ದಾಟಿದ ಮೇಲಷ್ಟೇ ಅದು ಮೂತ್ರದಲ್ಲಿ ಕಾಣಿಸುವುದರಿಂದ ಸಕ್ಕರೆಯ ಕುಸಿತ ಈ ಪರೀಕ್ಷೆಗೆ ಸಿಗುತ್ತಿರಲಿಲ್ಲ. 1960ರ ದಶಕದಲ್ಲಿ ರಕ್ತದ ಹನಿಯಿಂದ ಸಕ್ಕರೆ ಅಳೆಯುವ ಪಟ್ಟಿಗಳೂ 1970ರ ಹೊತ್ತಿಗೆ ಅವನ್ನು ಓದುವ ಮೀಟರುಗಳೂ ಬಂದವು.

1970ರ ದಶಕದವರೆಗೆ, ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ಗೆ ಭಾರೀ ಪ್ರಮಾಣದ ಇನ್ಸುಲಿನ್ ಕೊಡುವುದು ರೂಢಿಯಾಗಿತ್ತು. ಗಂಟೆಗೆ ಕೆಲವೇ ಯೂನಿಟ್ ಸಾಕೆಂದು ಬ್ರಿಟನ್ನಿನ ಜಾರ್ಜ್ ಆಲ್ಬರ್ಟಿ ಮತ್ತಿತರರು 1973ರಿಂದೀಚೆಗೆ ತೋರಿಸಿದರು. 1979ರಲ್ಲಿ ಆಲ್ಬರ್ಟಿ ಮತ್ತು ಥಾಮಸ್ ಶಸ್ತ್ರಚಿಕಿತ್ಸೆಯ ವೇಳೆಗೆಂದು ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಮ್ ಮೂರನ್ನೂ ಒಂದೇ ಡ್ರಿಪ್‌ನಲ್ಲಿ ಬೆರೆಸುವ ಕ್ರಮವನ್ನು ವಿವರಿಸಿದರು. ಡ್ರಿಪ್ ನಿಂತರೆ ಮೂರೂ ಒಟ್ಟಿಗೆ ನಿಲ್ಲುವುದರಿಂದ ಇನ್ಸುಲಿನ್ ಮಾತ್ರ ಒಳಹರಿಯುವ ಅಪಾಯ ಇರಲಿಲ್ಲ.

ಸ್ಲೈಡಿಂಗ್ ಸ್ಕೇಲ್‌ನ ಮರುಪರಿಶೀಲನೆ

ಮೂತ್ರದ ಬದಲು ರಕ್ತದ ಪರೀಕ್ಷೆ ಬಂದ ಮೇಲೂ ಸ್ಲೈಡಿಂಗ್ ಸ್ಕೇಲ್ ಉಳಿಯಿತು. ಸಕ್ಕರೆ ಏರಿದ ಮೇಲಷ್ಟೇ ಇನ್ಸುಲಿನ್ ಕೊಡುವುದು ಇದರ ಮೂಲದೋಷ. ಸಕ್ಕರೆ ಸರಿಯಿದೆಯೆಂದು ಟೈಪ್ 1 ಮಧುಮೇಹಿಗೆ ಇನ್ಸುಲಿನ್ ತಪ್ಪಿಸಿದರೆ ಕೀಟೋಅಸಿಡೋಸಿಸ್ ಆಗಬಹುದು. ಈ ಪದ್ಧತಿಯನ್ನಷ್ಟೇ ನೆಚ್ಚಿದ್ದ ರೋಗಿಗಳಲ್ಲಿ ಸಕ್ಕರೆ ಏರುವ ಸಂಭವ ಸುಮಾರು 3 ಪಟ್ಟು ಹೆಚ್ಚೆಂದು 1997ರ ಅಮೆರಿಕದ ಅಧ್ಯಯನವೊಂದು ದಾಖಲಿಸಿತು. 2007ರಲ್ಲಿ ಗಿಲ್ಲೆರ್ಮೊ ಉಂಪಿಯೆರೆಜ್ ತಂಡ 130 ಟೈಪ್ 2 ರೋಗಿಗಳ ಮೇಲೆ ನಡೆಸಿದ ‘ರ‍್ಯಾಬಿಟ್ 2’ ಪ್ರಯೋಗವನ್ನು ಪ್ರಕಟಿಸಿತು. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಜೊತೆಗೆ ಊಟಕ್ಕೊಂದು ಡೋಸ್ ಕೊಡುವ ಬೇಸಲ್-ಬೋಲಸ್ ಕ್ರಮದಲ್ಲಿ ಶೇ. 66ರಷ್ಟು ಮಂದಿ 140ಕ್ಕಿಂತ ಕೆಳಗಿನ ಗುರಿ ಮುಟ್ಟಿದರು. ಸ್ಲೈಡಿಂಗ್ ಸ್ಕೇಲ್‌ನಲ್ಲಿ ಶೇ. 38 ಮಾತ್ರ.

ಗುರಿಯ ವಿವಾದ

2001ರಲ್ಲಿ ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ ಗ್ರೀಟ್ ವಾನ್ ಡೆನ್ ಬರ್ಗ್ ತಂಡ ಶಸ್ತ್ರಚಿಕಿತ್ಸಾ ತೀವ್ರ ನಿಗಾ ಘಟಕದ 1,548 ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿತು. ಸಕ್ಕರೆಯನ್ನು 80–110ರಲ್ಲಿ ಬಿಗಿಹಿಡಿದಾಗ ಘಟಕದೊಳಗಿನ ಸಾವು ಶೇ. 8ರಿಂದ 4.6ಕ್ಕೆ ಇಳಿದಿತ್ತು. ಬಿಗಿ ನಿಯಂತ್ರಣ ಬೇಗನೆ ಹಲವು ದೇಶಗಳಿಗೆ ಹಬ್ಬಿತು. 2006ರಲ್ಲಿ ಅದೇ ತಂಡ ಶಸ್ತ್ರಚಿಕಿತ್ಸೆಗೆ ಒಳಪಡದ ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಒಟ್ಟಾರೆ ಸಾವು ಇಳಿಯಲಿಲ್ಲ. 2009ರಲ್ಲಿ 42 ಆಸ್ಪತ್ರೆಗಳ 6,104 ರೋಗಿಗಳನ್ನು ಒಳಗೊಂಡ ‘ನೈಸ್-ಶುಗರ್’ ಪ್ರಯೋಗ ವ್ಯತಿರಿಕ್ತ ಫಲ ಕೊಟ್ಟಿತು: 90 ದಿನಗಳಲ್ಲಿ ಬಿಗಿ ಗುಂಪಿನ ಸಾವು ಶೇ. 27.5, 180ರೊಳಗಿನ ಗುರಿಯ ಗುಂಪಿನಲ್ಲಿ ಶೇ. 24.9. ತೀವ್ರ ಕುಸಿತ ಕಂಡವರು ಕ್ರಮವಾಗಿ ಶೇ. 6.8 ಮತ್ತು 0.5.

ಈ ಫಲಿತಾಂಶಗಳನ್ನು ನೇರವಾಗಿ ಎದುರುಬದುರು ಇಡಲಾಗದು. ಲೂವೆನ್‌ನಲ್ಲಿ ಹೋಲಿಕೆಯ ಗುಂಪಿಗೆ 180–200ರವರೆಗೂ ಬಿಡಲಾಗಿತ್ತು. ರೋಗಿಗಳಿಗೆ ಬೇಗನೆ ರಕ್ತನಾಳದ ಮೂಲಕ ಗ್ಲೂಕೋಸ್ ಮತ್ತು ಪೋಷಣೆ ಸಿಗುತ್ತಿತ್ತು. ಅಳತೆ ಧಮನಿಯ ರಕ್ತದ್ದು. ನೈಸ್-ಶುಗರ್‌ನಲ್ಲಿ ಪೋಷಣೆ ಬಹುಮಟ್ಟಿಗೆ ಜಠರದ ಮೂಲಕ, ಅಳೆಯುವ ಸಾಧನಗಳು ಹಲವು ಬಗೆಯವು. ಎರಡರಲ್ಲೂ ಬಹುಪಾಲು ರೋಗಿಗಳಿಗೆ ಮೊದಲಿನಿಂದ ಮಧುಮೇಹ ಇರಲೇ ಇಲ್ಲ ಎಂಬುದು ಹಲವೊಮ್ಮೆ ಮರೆತುಹೋಗುತ್ತದೆ. 2023ರಲ್ಲಿ ಬೆಲ್ಜಿಯಮ್ ತಂಡವೇ 9,230 ರೋಗಿಗಳಲ್ಲಿ, ರಕ್ತನಾಳದ ಪೋಷಣೆಯನ್ನು ತಡಮಾಡಿ, ಬಿಗಿ ನಿಯಂತ್ರಣವನ್ನು ಮತ್ತೆ ಪರೀಕ್ಷಿಸಿತು. ಘಟಕದಲ್ಲಿನ ವಾಸ್ತವ್ಯ, ಸಾವು ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. 2009ರ ಅಮೆರಿಕನ್ ಒಮ್ಮತದ ಹೇಳಿಕೆ ಸೂಚಿಸಿದ 140–180ರ ಗುರಿ ತೀವ್ರ ನಿಗಾ ಘಟಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ತಪ್ಪುಗಳ ತಡೆ

ಗುರಿಯಷ್ಟೇ ಮುಖ್ಯವಾದ ಸಂಗತಿ ಇನ್ಸುಲಿನ್ ಕೊಡುವ ವಿಧಾನ. ‘ಯೂನಿಟ್’ ಪದವನ್ನು ಇಂಗ್ಲಿಷಿನ ‘U’ ಎಂಬ ಒಂದೇ ಅಕ್ಷರಕ್ಕೆ ಮೊಟಕುಗೊಳಿಸಿದರೆ ಅದು ಸೊನ್ನೆಯಂತೆ ಕಂಡು ಡೋಸ್ 10 ಪಟ್ಟಾಗುವ ಅಪಾಯವಿದೆ. ಪದವನ್ನು ಪೂರ್ತಿ ಬರೆಯಬೇಕು, ಇನ್ಸುಲಿನ್ ಸಿರಿಂಜನ್ನೇ ಬಳಸಬೇಕು ಎಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2010ರಲ್ಲಿ ಆದೇಶಿಸಿತು. ಭಾರತದಲ್ಲಿ ಪ್ರತಿ ಮಿ.ಲೀ.ಗೆ 40 ಯೂನಿಟ್‌ನ ಬಾಟಲಿ, 100 ಯೂನಿಟ್‌ನ ಪೆನ್ ಕಾರ್ಟ್ರಿಜ್ ಎರಡೂ ಇವೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ ಎಳೆದುಕೊಂಡರೆ ರೋಗಿಗೆ ಎರಡೂವರೆ ಪಟ್ಟು ಔಷಧ ಹೋಗುತ್ತದೆ.

ಕೋವಿಡ್ ಕಾಲದಲ್ಲಿ, 2020ರಿಂದ, ಡೆಕ್ಸಾಮೆಥಾಸೋನ್ ಬಳಕೆಯಿಂದಾಗಿ ಸ್ಟೀರಾಯ್ಡ್ ಏರಿಸುವ ಸಕ್ಕರೆ ಸಾಮಾನ್ಯ ವಾರ್ಡುಗಳ ದಿನನಿತ್ಯದ ಸಮಸ್ಯೆಯಾಯಿತು. 2021ರ ಎರಡನೇ ಅಲೆಯಲ್ಲಿ ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಕಪ್ಪು ಶಿಲೀಂಧ್ರ ಸೋಂಕಿಗೆ ತುತ್ತಾದವರಲ್ಲಿ ಬಹುಪಾಲು ಮಧುಮೇಹಿಗಳಿದ್ದರು. ಅದೇ ವರ್ಷಗಳಲ್ಲಿ, ಚರ್ಮದ ಕೆಳಗಿನ ಸಂವೇದಕದಿಂದ ಸಕ್ಕರೆಯನ್ನು ನಿರಂತರ ಅಳೆಯುವ ಸಾಧನಗಳು ಅಮೆರಿಕ ಮೊದಲಾದ ದೇಶಗಳ ವಾರ್ಡುಗಳನ್ನು ಪ್ರವೇಶಿಸಿದವು. ರೋಗಿಯನ್ನು ಮುಟ್ಟದೆಯೇ ಸಕ್ಕರೆಯ ಕುಸಿತವನ್ನು ದೂರದಿಂದ ಗುರುತಿಸಲು ಅವು ದಾದಿಯರಿಗೆ ನೆರವಾದವು.